ಒರಟುತನವೂ ಪ್ರಾಮಾಣಿಕತೆಯೂ

1963ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಅಮೆರಿಕಾ ದೇಶದ ಪಶ್ಚಿಮ ತೀರದ ಕಡೆಯ ಪೋರ್ಟ್‌ಲೆಂಡ್ ಎಂಬ ಪಟ್ಟಣದಲ್ಲಿ, 'ಕಿಂಗ್ಸ್‌ಮೆನ್' ಎಂದು ಹೆಸರಿಟ್ಟುಕೊಂಡಿದ್ದ ಕೆಲವರು ತರುಣರು ಸುಮಾರು 50 ಡಾಲರು ತೆತ್ತು ಒಂದು ಹಾಡನ್ನು ಮುದ್ರಿಸಿಕೊಂಡರು. ಹಾಡು ಅವರದಲ್ಲ. ರಿಚರ್ಡ್ ಬೆರಿ ಎಂಬ ಆಫ್ರಿಕನ್ ಮೂಲದ ಸಂಗೀತಗಾರನು ಕೆಲವು ವರ್ಷಗಳ ಹಿಂದೆ ರಚಿಸಿದ್ದ 'ಲೂಯಿ ಲೂಯಿ' ಎಂಬ ಹಾಡು ಅದು. ಊರಿಗೆ ಮರಳಲು ಹಂಬಲಿಸುವ ನಾವಿಕನೊಬ್ಬನು ಪಾನಗೃಹದವನೊಡನೆ ತನ್ನ ನಲ್ಲೆಯ ವಿಷಯವನ್ನು ತೋಡಿಕೊಳ್ಳುವುದೇ ಅದರ ವಸ್ತು. ಮೈಕು ಎತ್ತರದಲ್ಲಿ ತೂಗುತ್ತಿದ್ದುದರಿಂದ ಗಾಯಕನು ಕತ್ತನ್ನು ಮೇಲಕ್ಕೆತ್ತಿ ಕೂಗಬೇಕಾಯಿತು. ಸಾಹಿತ್ಯವು ಒಂದಕ್ಷರವೂ ತಿಳಿಯದಂತೆ ವಾದ್ಯಗಳ ಗದ್ದಲದಲ್ಲಿ ಮುಳುಗಿಹೋಯಿತು. ನಡುವೆ ಗಿಟಾರಿನ ಭಾಗ ಮುಗಿದೊಡನೆ ಗಾಯಕನು ಎರಡಾವರ್ತ ಮುಂಚಿತವಾಗಿಯೇ ಬಾಯಿ ತೆರೆದನು. ತಪ್ಪನ್ನು ತಿಳಿದು ತಡೆದನು. ಡ್ರಮ್ಮು ಬಾರಿಸುವವನು ಆ ಬಿರುಕನ್ನು ಒಂದೆರಡು ಗಟ್ಟಿ ಹೊಡೆತಗಳಿಂದ ಮುಚ್ಚಿದನು. ಮುದ್ರಿಕೆಯು ಹಾಗೆಯೇ ಹೊರಬಂದಿತು. ಆ ವರ್ಷದ ಕೊನೆಗೆ ದೇಶದಲ್ಲೆಲ್ಲ ಅತ್ಯಂತ ಹೆಚ್ಚಾಗಿ ಮಾರಾಟವಾಗುತ್ತಿದ್ದ ಹಾಡುಗಳ ಪಟ್ಟಿಯಲ್ಲಿ ಅದಕ್ಕೆ ಎರಡನೆಯ ಸ್ಥಾನ ದೊರಕಿತು.

ತಿಳಿಯದ ಮಾತಿನಲ್ಲಿ ಅಶ್ಲೀಲವಿದೆಯೆಂದು ಊಹಿಸುವುದು ಎಲ್ಲ ದೇಶಗಳಲ್ಲಿಯೂ ಸುಲಭ. 1964ರಲ್ಲಿ ಇಂಡಿಯಾನಾ ಪ್ರಾಂತದ ಗವರ್ನರು ಆ ಹಾಡು ಅಶ್ಲೀಲವೆಂದು ಸಾರಿದನು. ಅಮೆರಿಕಾ ಸರಕಾರದ ಗುಪ್ತ ಪೋಲೀಸು ಇಲಾಖೆಯು ಮುದ್ರಿಕೆಯನ್ನು ತನ್ನ ಪ್ರಯೋಗಶಾಲೆಗೆ ತರಿಸಿಕೊಂಡು, ವೇಗವನ್ನು ಹೆಚ್ಚಿಸಿಯೂ ತಗ್ಗಿಸಿಯೂ ಕೇಳಿ, ಯಾವ ವೇಗದಲ್ಲಿ ನುಡಿಸಿದರೂ ಇದು ಅರ್ಥವಾಗದೆಂದು ಬರೆದಿಟ್ಟಿತು. ಒಂದು ಕಲಾಕೃತಿಯ ವಿಷಯದಲ್ಲಿ ಸರಕಾರವು ಕೊಟ್ಟಿರುವ ಅಭಿಪ್ರಾಯಗಳಲ್ಲಿ ಇಷ್ಟು ನಿಷ್ಪಕ್ಷಪಾತವಾದುದು ಬಹಳವಿರಲಾರದು.

ಆದರೆ ಇಲ್ಲಿ ವಿಚಾರಕ್ಕೆ ತಕ್ಕದ್ದು ಆ ಗಲಾಟೆಯಲ್ಲ. ಗಾಯಕನ ಆ ತಪ್ಪು. ಆಮೇಲೆ ಅದೇ ಹಾಡನ್ನು ಹಾಡಿದ ಗೋಷ್ಠಿಗಳು ಅಸಂಖ್ಯಾತವಾಗಿವೆ. ಅವುಗಳಲ್ಲಿ ಎಷ್ಟೋ ಗೋಷ್ಠಿಗಳು ಅದೇ ಸ್ಥಳದಲ್ಲಿ ಅದೇ ರೀತಿಯಾಗಿ ಮುಂಚಿತವಾಗಿ ಬಾಯಿ ತೆರೆದು, ಅದೇ ರೀತಿಯಾಗಿ ತಡೆದು, ಮುಂದುವರಿದಿವೆ. ಮೊದಲನೆಯವನು ತಪ್ಪಿದ್ದು ತಪ್ಪು. ಅವನ ತಪ್ಪನ್ನು ಕಂಠಪಾಠಮಾಡಿ, ತಾಳಕ್ಕೆ ಸರಿಯಾಗಿ, ಒಂದು ಮಾತ್ರೆಯೂ ಆಚೀಚೆಯಾಗದಂತೆ ತಪ್ಪಿದ ಎರಡನೆಯವನದನ್ನು ಏನೆಂದು ಕರೆಯಬೇಕು? ಅದು ತಪ್ಪಲ್ಲ, ಏಕೆಂದರೆ ಅವನು ತಪ್ಪಿಲ್ಲ. ಅದು ನೈಪುಣ್ಯವೂ ಅಲ್ಲವೆನ್ನಬೇಕು, ಏಕೆಂದರೆ ಅದರ ರೂಪವು ಅನೈಪುಣ್ಯದ್ದು. ಅದು ಗೌರವವೋ, ಸೋಗೋ, ಅಥವಾ ಸಟೆಯೋ?

ಕಿಂಗ್ಸ್‌ಮೆನ್ನರಂಥವರ ಸಂಗೀತಕ್ಕೆ ಆಮೇಲೆ 'ಗರಾಜ್ ರಾಕ್' ಎಂದು ಹೆಸರಾಯಿತು. ನಮ್ಮ ಕಡೆ ಗ್ಯಾರೇಜು ಎಂದರೆ ಮೋಟಾರು ರಿಪೇರಿಯ ಅಂಗಡಿ. ಅಲ್ಲಿ ಅದು ಮನೆಗೆ ಹೊಂದಿಕೊಂಡ, ಕಾರು ನಿಲ್ಲಿಸುವ ಕೊಟ್ಟಿಗೆ. 1964ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ಗೋಷ್ಠಿಯವರು ಅಮೆರಿಕಾದ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡ ಮೇಲೆ, ಊರೂರಿನಲ್ಲಿಯೂ ಹೈಸ್ಕೂಲಿನ ಹುಡುಗರು ಅಗ್ಗದ ಗಿಟಾರುಗಳನ್ನು ಕೊಂಡು ಈ ಕೊಟ್ಟಿಗೆಗಳಲ್ಲಿ ಅಭ್ಯಾಸಕ್ಕೆ ತೊಡಗಿದರು. ಅವರಿಗೆ ತಿಳಿದಿದ್ದ ಸ್ವರಗುಚ್ಛಗಳು ಮೂರು, ಕೆಲವರಿಗೆ ಎರಡು. ಹೆಚ್ಚಿನವರು ಒಂದೆರಡು ಮುದ್ರಿಕೆಗಳನ್ನು ಹೊರಡಿಸಿ, ಕಾಲೇಜಿಗೋ ಸೈನ್ಯಕ್ಕೋ ಸೇರಿ ಮರೆಯಾದರು. 1972ರಲ್ಲಿ ಲೆನಿ ಕೇ ಎಂಬ ರಸಿಕನು ಇಂಥ 27 ಹಾಡುಗಳನ್ನು ಆಯ್ದು 'ನಗ್ಗೆಟ್ಸ್' ಎಂಬ ಸಂಕಲನವನ್ನು ಹೊರತಂದನು. ನಗ್ಗೆಟ್ ಎಂದರೆ ಮಣ್ಣಿನಲ್ಲಿ ಸಿಕ್ಕುವ ಸಂಸ್ಕರಿಸದ ಚಿನ್ನದ ತುಣುಕು. ಹೆಸರೇ ಒಂದು ವಿಮರ್ಶೆಯಾಗಿದೆ. ಯಾವುದನ್ನು ಆ ಹುಡುಗರು ತಮ್ಮ ಕೊರತೆಯೆಂದು ತಿಳಿದಿದ್ದರೋ, ಸಾಧ್ಯವಾಗಿದ್ದರೆ ನೀಗಿಸಿಕೊಳ್ಳುತ್ತಿದ್ದರೋ, ಅದೇ ಗುಣವೆಂದು ಅಂದಿನಿಂದ ಗಣನೆಗೆ ಬಂದಿತು.

ಕೊರತೆಯು ಗುಣವಾದಾಗ, ಗುಣವು ಸರಕಾಗುವುದಕ್ಕೆ ಬಹಳ ಕಾಲ ಹಿಡಿಯುವುದಿಲ್ಲ. ಈ ಸಂಗೀತದ ಮುಖ್ಯ ಲಕ್ಷಣವಾದ ಗಿಟಾರಿನ ಹರಕುದನಿಯ ಚರಿತ್ರೆಯೇ ಇದಕ್ಕೆ ನಿದರ್ಶನ. 1958ರಲ್ಲಿ ಲಿಂಕ್ ರೇ ಎಂಬಾತನು ತನ್ನ ಧ್ವನಿವರ್ಧಕದ ಕಾಗದದ ಶಂಕುವಿಗೆ ಪೆನ್ಸಿಲಿನಿಂದ ತೂತುಗಳನ್ನು ಮಾಡಿ ಒಂದು ಗುರುಗುಟ್ಟುವ ಸ್ವರವನ್ನು ಪಡೆದನು. 1964ರಲ್ಲಿ ಲಂಡನ್ನಿನ 'ಕಿಂಕ್ಸ್' ಗೋಷ್ಠಿಯ ಡೇವ್ ಡೇವಿಸ್ ಎಂಬ ಹುಡುಗನು ಕ್ಷೌರದ ಬ್ಲೇಡಿನಿಂದ ತನ್ನ ಪುಟ್ಟ ಧ್ವನಿವರ್ಧಕವನ್ನು ಸೀಳಿದನು. ಇವರಿಬ್ಬರೂ ತಮ್ಮ ಸ್ವತ್ತನ್ನು ತಾವೇ ಕೆಡಿಸಿಕೊಂಡವರು. ಆದರೆ ಇವರಿಬ್ಬರ ನಡುವಣ ಕಾಲದಲ್ಲಿ, ನ್ಯಾಶ್‌ವಿಲ್ ನಗರದ ಒಂದು ಸ್ಟುಡಿಯೋದಲ್ಲಿ ಮಾರ್ಟಿ ರಾಬಿನ್ಸನ ಹಾಡೊಂದನ್ನು ಮುದ್ರಿಸುತ್ತಿರುವಾಗ, ಯಂತ್ರದ ಒಂದು ಭಾಗ ಕೆಟ್ಟು, ವಾದ್ಯದ ನಾದವು ಜೇನುಹುಳು ಹೊಕ್ಕಂತೆ ಗುಂಯ್‌ಗುಟ್ಟಿತು. ಕೇಳಿದವರಿಗೆ ಅದು ಹಿಡಿಸಿತು. ಆಗ ಗ್ಲೆನ್ ಸ್ನಾಡಿ ಎಂಬ ಯಂತ್ರಜ್ಞನು ಆ ಕೆಡುಕನ್ನೇ ಬೇಕೆಂದಾಗ ಉಂಟುಮಾಡುವ ಸಣ್ಣ ಪೆಟ್ಟಿಗೆಯೊಂದನ್ನು ರಚಿಸಿದನು. ಗಿಬ್ಸನ್ ಕಂಪೆನಿಯವರು ಅದನ್ನು 1962ರಲ್ಲಿ 'ಫಜ್-ಟೋನ್' ಎಂಬ ಹೆಸರಿನಿಂದ ಮಾರಾಟಕ್ಕಿಟ್ಟರು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ಗೋಷ್ಠಿಯವರು ತಮ್ಮ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಅದನ್ನು ಬಳಸಿದ ಮೇಲೆ ಅಂಗಡಿಗಳಲ್ಲಿದ್ದ ಪೆಟ್ಟಿಗೆಗಳೆಲ್ಲ ಖರ್ಚಾದವು. ಅಂದಿನಿಂದ ಯಾರೂ ಏನನ್ನೂ ಹರಿಯಬೇಕಾಗಿಲ್ಲ. ಕಾಲಿನಿಂದ ಗುಂಡಿಯನ್ನು ಅದುಮಿದರೆ ಹರಿಯುತ್ತದೆ, ಮತ್ತೆ ಅದುಮಿದರೆ ಕೂಡಿಕೊಳ್ಳುತ್ತದೆ.

ಈ ಸ್ಥಿತಿಯಲ್ಲಿ ಒರಟುತನಕ್ಕೂ ಪ್ರಾಮಾಣಿಕತೆಗೂ ಏನು ಸಂಬಂಧ ಉಳಿಯಿತು ಎಂಬುದೇ ಪ್ರಶ್ನೆ. ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳನ್ನು ಕೇಳುತ್ತೇವೆ. ಬಡತನದಿಂದ ಬಂದ ಒರಟುತನವು ನಿಜ, ಅನುಕೂಲವಿದ್ದವನ ಒರಟುತನವು ಸುಳ್ಳು ಎಂಬುದು ಒಂದು. ಕಲೆಯೆಲ್ಲವೂ ಕೃತಕವೇ ಆದುದರಿಂದ ಅಲ್ಲಿ ನಿಜ ಸುಳ್ಳುಗಳ ಮಾತೇ ಬೇಡ, ಕಿವಿಗೆ ಇಂಪಾದರೆ ಸಾಕು ಎಂಬುದು ಇನ್ನೊಂದು.

ಮೊದಲನೆಯ ಉತ್ತರದಲ್ಲಿ ನ್ಯಾಯಬುದ್ಧಿಯಿರುವಂತೆ ಕಂಡರೂ ಅದರೊಳಗೆ ಒಂದು ಕ್ರೌರ್ಯವಿದೆ. ಕಲಾವಿದನು ಬಡವನಾಗಿಯೇ ಇರಬೇಕೆಂದು ಮೆತ್ತೆಯ ಮೇಲೆ ಕುಳಿತ ಶ್ರೋತೃವು ವಿಧಿಸಿದಂತಾಗುತ್ತದೆ. ಕೊಟ್ಟಿಗೆಯಲ್ಲಿ ಹಾಡಿದ ಹುಡುಗನು ಎರಡು ಕಾಸು ಸಂಪಾದಿಸಿ ಒಳ್ಳೆಯ ಗಿಟಾರನ್ನು ಕೊಂಡೊಡನೆ ಅವನು ದ್ರೋಹಿಯಾಗುತ್ತಾನೆ. 2001ರಲ್ಲಿ ನ್ಯೂಯಾರ್ಕಿನ 'ಸ್ಟ್ರೋಕ್ಸ್' ಗೋಷ್ಠಿಯವರು ತಮ್ಮ ಮೊದಲ ಸಂಪುಟವನ್ನು ಹೊರಡಿಸಿ ಹಳೆಯ ಗರಾಜ್ ರಾಕಿಗೆ ಹೊಸ ಹುಟ್ಟು ಕೊಟ್ಟಾಗ, ಅವರಲ್ಲಿ ಕೆಲವರು ಸಿರಿವಂತರ ಮನೆಯ ಮಕ್ಕಳೆಂಬುದನ್ನೇ ಹಿಡಿದು ಹಂಗಿಸಿದವರಿದ್ದರು. ಅವರು ಆ ಸಂಪುಟವನ್ನು ಒಂದು ನೆಲಮಾಳಿಗೆಯ ಚಿಕ್ಕ ಸ್ಟುಡಿಯೋದಲ್ಲಿ ಮುದ್ರಿಸಿದ್ದರು. ಗಾಯಕನ ಕಂಠವನ್ನು ಅಭ್ಯಾಸಕ್ಕೆ ಬಳಸುವ ಸಣ್ಣ ಧ್ವನಿವರ್ಧಕವೊಂದರ ಮೂಲಕ ಹಾಯಿಸಿ ಗೊಗ್ಗರುಮಾಡಿದ್ದರು. ತಂದೆಯ ಹಣದ ಲೆಕ್ಕವನ್ನು ಹಾಡಿನ ಬೆಲೆಗೆ ಕೂಡಿಸಿ ಕಳೆಯುವುದು ವಿಮರ್ಶೆಯಲ್ಲ. ಎರಡನೆಯ ಉತ್ತರವಾದರೋ ಮತ್ತೂ ದುರ್ಬಲವಾದುದು. ನಿಜ ಸುಳ್ಳುಗಳ ಮಾತೇ ಇಲ್ಲದಿದ್ದರೆ, ತಾನು ಮೆಚ್ಚಿದ ಹಾಡಿನ ಹರಕುತನವು ಗುಂಡಿ ಅದುಮಿ ತಂದದ್ದೆಂದು ತಿಳಿದಾಗ ಶ್ರೋತೃವಿಗೆ ಮೋಸಹೋದಂತೆ ಏಕೆ ಅನಿಸಬೇಕು? ಅನಿಸುವುದಂತೂ ನಿಜ. ಅನಿಸಿಕೆಗೆ ಕಾರಣವಿಲ್ಲವೆಂದು ಹೇಳುವ ತತ್ತ್ವವು ತನ್ನ ಕೆಲಸವನ್ನು ಮಾಡಿಲ್ಲ.

ಇದನ್ನು ಬೇರೊಂದು ಕಡೆಯಿಂದ ನೋಡಬಹುದು. ಮನೆಯಲ್ಲಿ ಅಕ್ಕಿಯಿಲ್ಲದೆ ಹಸಿದಿರುವವನು ಒಬ್ಬ. ಕಣಜ ತುಂಬಿದ್ದರೂ ಏಕಾದಶಿಯೆಂದು ಹಸಿದಿರುವವನು ಇನ್ನೊಬ್ಬ. ಒಳಗೆ ಉಪ್ಪಿಟ್ಟು ತಿಂದು ಬಾಯಿ ಒರಸಿಕೊಂಡು ಹೊರಗೆ ಬಾಡಿದ ಮುಖವನ್ನು ತೋರಿಸುವವನು ಮೂರನೆಯವನು. (ಏಕಾದಶಿಯ ಫಲಾಹಾರವೇ ದ್ವಾದಶಿಯ ಊಟವನ್ನು ಮೀರಿಸುವ ಮನೆಗಳೂ ಉಂಟು; ಅವುಗಳ ವಿಷಯ ಸದ್ಯಕ್ಕೆ ಬೇಡ.) ಎರಡನೆಯವನ ಹಸಿವು ಬೇಕೆಂದು ತಂದುಕೊಂಡದ್ದು, ಆದುದರಿಂದ ಅದು ಸುಳ್ಳು ಎಂದು ಯಾರೂ ಹೇಳುವುದಿಲ್ಲ. ಅವನ ಹೊಟ್ಟೆಯೂ ಮೊದಲನೆಯವನ ಹೊಟ್ಟೆಯಂತೆಯೇ ಸುಡುತ್ತದೆ. ದಂಭವೆನ್ನಿಸಿಕೊಳ್ಳುವುದು ಮೂರನೆಯವನದು ಮಾತ್ರ. ಎರಡನೆಯವನಿಗೂ ಮೂರನೆಯವನಿಗೂ ಇರುವ ಭೇದವು ಮುಖದಲ್ಲಿ ಕಾಣುವಂಥದಲ್ಲ, ಹೊಟ್ಟೆಯಲ್ಲಿರುವಂಥದು. ಆದರೂ ಎರಡನೆಯವನು ಮರೆಯಬಾರದ ಒಂದು ಮಾತಿದೆ. ಅವನ ಹಸಿವಿಗೆ ದ್ವಾದಶಿಯ ಬೆಳಗಿದೆ, ಮೊದಲನೆಯವನದಕ್ಕೆ ಇಲ್ಲ. ಒಂದು ದಿನ ಉಪವಾಸವಿದ್ದವನು ಬಡವರ ಹಸಿವನ್ನು ತಾನು ಬಲ್ಲೆನೆಂದು ಹೇಳಿದರೆ, ಆ ಕ್ಷಣದಲ್ಲಿಯೇ ಅವನ ವ್ರತವು ಮೂರನೆಯವನ ಪಂಕ್ತಿಗೆ ಇಳಿಯುತ್ತದೆ.

ಗರಾಜ್ ರಾಕಿನಲ್ಲಿ ವ್ರತವೆಂಬ ಮಾತಿಗೆ ತಕ್ಕಂತೆ ನಡೆದವರೆಂದರೆ ಡಿಟ್ರಾಯಿಟ್ ನಗರದ 'ವೈಟ್ ಸ್ಟ್ರೈಪ್ಸ್' ಜೋಡಿ. ಮೋಟಾರು ಕಾರುಗಳ ಊರಿನಿಂದಲೇ ಕಾರುಕೊಟ್ಟಿಗೆಯ ಸಂಗೀತಕ್ಕೆ ಹೊಸ ಬಲ ಬಂದದ್ದು ಒಂದು ಸೊಗಸಾದ ಕಾಕತಾಳೀಯ. 1997ರಲ್ಲಿ ಹುಟ್ಟಿ 2011ರಲ್ಲಿ ವಿಸರ್ಜನೆಯಾದ ಈ ಗೋಷ್ಠಿಯಲ್ಲಿ ಇದ್ದವರು ಇಬ್ಬರೇ. ಕುರ್ಚಿ ಸೋಫಾಗಳಿಗೆ ಬಟ್ಟೆ ಹೊದಿಸುವ ಕಸುಬನ್ನು ಕಲಿತಿದ್ದ ಜ್ಯಾಕ್ ವೈಟನು ಗಿಟಾರು ಹಿಡಿದು ಹಾಡುತ್ತಿದ್ದನು. ಮೆಗ್ ವೈಟಳು ಡ್ರಮ್ಮು ಬಾರಿಸುತ್ತಿದ್ದಳು. ಮಂದ್ರಸ್ಥಾಯಿಯ ಬೇಸ್ ಗಿಟಾರು ಇಲ್ಲ. ಉಡುಪು, ವಾದ್ಯ, ಮುಖಪತ್ರ ಎಲ್ಲಕ್ಕೂ ಕೆಂಪು, ಬಿಳಿ, ಕಪ್ಪು ಎಂಬ ಮೂರೇ ಬಣ್ಣ. ಮೆಗ್ ವೈಟಳ ವಾದನವು ಮಕ್ಕಳು ಬಾರಿಸಿದಂತೆ ಸರಳವೆಂದು ಜರೆದವರು ಅನೇಕರು. ಆ ಸರಳತೆಯೇ ಗೋಷ್ಠಿಯ ಬೆನ್ನೆಲುಬೆಂಬುದನ್ನು ಅವರು ಕಾಣದೆ ಹೋದರು. ಜ್ಯಾಕ್ ವೈಟನು ಬಹುಕಾಲ ಬಳಸಿದ ಗಿಟಾರು 1960ರ ದಶಕದಲ್ಲಿ ಬಟ್ಟೆಬರೆ ಪಾತ್ರೆಪಡಗಗಳೊಂದಿಗೆ ಮಾರುತ್ತಿದ್ದ ಅಗ್ಗದ ಫೈಬರ್‌ಗ್ಲಾಸ್ ಮೈಯ ವಾದ್ಯ. ಅವರ 2007ರ ಕೆನಡಾ ಪ್ರವಾಸವನ್ನು ಕುರಿತ ಚಲನಚಿತ್ರದಲ್ಲಿ, ತಾನು ರಂಗದ ಮೇಲೆ ಆರ್ಗನ್ನನ್ನು ಬೇಕೆಂದೇ ಕೈಗೆ ಎಟುಕದಷ್ಟು ದೂರವಿಡುವುದಾಗಿಯೂ, ಹಾಡಿನ ನಡುವೆ ಅದರ ಬಳಿಗೆ ಓಡಬೇಕಾಗಿ ಬರುವುದೇ ತನಗೆ ಬೇಕಾದದ್ದೆಂದೂ ಅವನು ಹೇಳುತ್ತಾನೆ. 2008ರ ಮತ್ತೊಂದು ಚಿತ್ರದ ಆರಂಭದಲ್ಲಿ ಅವನು ಒಂದು ಹಲಗೆ, ಕೆಲವು ಮೊಳೆ, ಒಂದು ತಂತಿ, ಒಂದು ಖಾಲಿ ಕೋಲಾ ಸೀಸೆ ಇವುಗಳಿಂದ ವಾದ್ಯವನ್ನು ಕಟ್ಟಿ ಅಲ್ಲಿಯೇ ನುಡಿಸುತ್ತಾನೆ.

ಇದೆಲ್ಲ ನಾಟಕವೆನ್ನಬಹುದು. ಹೌದು, ಆದರೆ ಎಟುಕದ ವಾದ್ಯದ ಬಳಿಗೆ ಓಡುವವನ ಏದುಸಿರು ನಾಟಕವಲ್ಲ. ಅವರು 'ಎಲಿಫೆಂಟ್' ಎಂಬ ಸಂಪುಟವನ್ನು 2002ರಲ್ಲಿ ಲಂಡನ್ನಿನ 'ಟೋ ರ್‍ಯಾಗ್' ಸ್ಟುಡಿಯೋದಲ್ಲಿ, ಬಹುಮಟ್ಟಿಗೆ 1963ಕ್ಕೆ ಹಿಂದಿನ ಯಂತ್ರಗಳಿಂದ, ಎಂಟೇ ಪಥಗಳ ಟೇಪಿನ ಮೇಲೆ ಮುದ್ರಿಸಿದರು; ಗಣಕಯಂತ್ರವನ್ನು ಎಲ್ಲಿಯೂ ಬಳಸಿಲ್ಲವೆಂದು ಹೊದಿಕೆಯ ಮೇಲೆ ಅಚ್ಚುಹಾಕಿಸಿದರು. ಗಣಕಯಂತ್ರದಲ್ಲಿ ತಪ್ಪಿದ ಸ್ವರವನ್ನು ಆಮೇಲೆ ಎಳೆದು ಸರಿಪಡಿಸಬಹುದು, ಜಾರಿದ ತಾಳವನ್ನು ಗೆರೆಗೆ ಕೂಡಿಸಬಹುದು. ಎಂಟು ಪಥಗಳ ಟೇಪಿನಲ್ಲಿ ಮರಳಿ ನುಡಿಸಬೇಕು, ಇಲ್ಲವೆ ತಪ್ಪಿನೊಡನೆ ಬಾಳಬೇಕು. ನಿಯಮವನ್ನು ಸ್ವೀಕರಿಸಿದವನು ಅದರ ಪರಿಣಾಮವನ್ನೂ ಮೈಮೇಲೆ ತಂದುಕೊಂಡಿದ್ದಾನೆಯೇ ಎಂಬುದೇ ಇಲ್ಲಿ ನೋಡಬೇಕಾದದ್ದು. ಹೊದಿಕೆಯ ಮೇಲಿನ ಆ ಘೋಷಣೆಯು ಮಾತ್ರ ಇಲ್ಲದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ವ್ರತವನ್ನು ಬಾಗಿಲಿಗೆ ಬರೆದು ತೂಗಹಾಕುವ ಪದ್ಧತಿ ಇಲ್ಲ.

ಕಿವಿಯ ವಿಷಯ ಇಷ್ಟಾಯಿತು. ಕಣ್ಣಿನ ವಿಷಯದಲ್ಲಿ ತೊಡಕು ಹೆಚ್ಚು. 1981ರ ಆಗಸ್ಟ್ 1ರಂದು ಅಮೆರಿಕಾದಲ್ಲಿ 'ಎಂಟೀವಿ' ಎಂಬ ಟೆಲಿವಿಷನ್ ವಾಹಿನಿ ಆರಂಭವಾದಂದಿನಿಂದ, ಹಾಡು ಎಂದರೆ ಅದರೊಡನೆ ಮೂರು ನಾಲ್ಕು ನಿಮಿಷಗಳ ಒಂದು ಚಿತ್ರವೂ ಇರಬೇಕೆಂಬ ರೂಢಿ ಬೆಳೆಯಿತು. ಇದಕ್ಕೆ ಮ್ಯೂಸಿಕ್ ವಿಡಿಯೋ ಎಂದು ಹೆಸರು. ಈ ವಿಡಿಯೋಗಳಲ್ಲಿ ಗಾಯಕನು ಹಾಡುವುದಿಲ್ಲ. ಮೊದಲೇ ಮುದ್ರಿತವಾದ ಹಾಡಿಗೆ ತುಟಿಯನ್ನು ಆಡಿಸುತ್ತಾನೆ. ಗಿಟಾರಿಗೆ ವಿದ್ಯುತ್ತಿನ ತಂತಿಯೇ ಇರದಿದ್ದರೂ ಬೆರಳುಗಳು ಆವೇಶದಿಂದ ಓಡುತ್ತವೆ. ನುಣುಪಾದ ಸಂಗೀತಕ್ಕೆ ಇದರಿಂದ ಬಾಧಕವೇನೂ ಇಲ್ಲ, ಏಕೆಂದರೆ ಅದು ತಾನು ನುಣುಪಾದುದಲ್ಲವೆಂದು ಎಂದೂ ಹೇಳಿಕೊಂಡಿಲ್ಲ. 'ಇಗೋ ನೋಡಿ, ಇದ್ದದ್ದು ಇದ್ದಹಾಗೆ' ಎಂಬುದನ್ನೇ ಸ್ವಭಾವವಾಗಿ ಉಳ್ಳ ಸಂಗೀತವು ತುಟಿಯಾಡಿಸುವ ಚಿತ್ರಕ್ಕೆ ಒಪ್ಪಿದರೆ ಅದರ ಮಾತಿಗೂ ಮುಖಕ್ಕೂ ಹೊಂದಿಕೆಯಾಗುವುದು ಹೇಗೆ?

ಸ್ಟ್ರೋಕ್ಸ್ ಗೋಷ್ಠಿಯವರು 2001ರಲ್ಲಿ 'ಲಾಸ್ಟ್ ನೈಟ್' ಎಂಬ ಹಾಡಿಗೆ ವಿಡಿಯೋ ತೆಗೆಯಿಸಿದಾಗ ಈ ತೊಡಕನ್ನು ನೇರವಾಗಿಯೇ ಎದುರಿಸಿದರು. ನಿರ್ದೇಶಕ ರೋಮನ್ ಕೊಪ್ಪೊಲನು ಹಿಂದಿನ ಕಾಲದ ಟೆಲಿವಿಷನ್ ವಿನೋದ ಕಾರ್ಯಕ್ರಮಗಳ ರಂಗದಂತಹ ಒಂದು ರಂಗವನ್ನು ಕಟ್ಟಿಸಿದನು. ಆದರೆ ತುಟಿಯಾಡಿಸಲು ಒಲ್ಲದೆ ಗೋಷ್ಠಿಯು ಕ್ಯಾಮೆರಾದ ಎದುರಿಗೆ ಹಾಡನ್ನು ನಿಜವಾಗಿಯೇ ನುಡಿಸಿತು. ಮೈಕಿನ ಕಂಬವು ಉರುಳಿಬಿದ್ದದ್ದೂ ಚಿತ್ರದಲ್ಲಿ ಉಳಿಯಿತು. ರಂಗವು ಕೃತಕ, ವಾದನವು ನಿಜ.

ನಮ್ಮ ಅಲಂಕಾರಶಾಸ್ತ್ರದವರು ಇದನ್ನು ಕಂಡು ಬೆರಗಾಗುತ್ತಿರಲಿಲ್ಲ. ರಾಮನ ವೇಷದ ನಟನನ್ನು ಕಂಡಾಗ ಪ್ರೇಕ್ಷಕನಿಗೆ ಉಂಟಾಗುವ ಜ್ಞಾನವು ಎಂಥದೆಂಬ ಪ್ರಶ್ನೆಗೆ ಶ್ರೀಶಂಕುಕನು ಚಿತ್ರದ ಕುದುರೆಯ ದೃಷ್ಟಾಂತವನ್ನು ಕೊಟ್ಟನು. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿ 'ಇದು ಕುದುರೆ' ಎನ್ನುತ್ತೇವೆ. ಅದು ಯಥಾರ್ಥಜ್ಞಾನವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಜ್ಞಾನವೂ ಅಲ್ಲ; ಇವೆಲ್ಲಕ್ಕೂ ಬೇರೆಯಾದ ಒಂದು ಪ್ರತೀತಿ. ಅಭಿನವಗುಪ್ತನು ಈ ವಾದವನ್ನು ಪೂರ್ತಿಯಾಗಿ ಒಪ್ಪಲಿಲ್ಲವೆಂಬುದು ವಾಚಕರಿಗೆ ತಿಳಿದೇ ಇದೆ. ಆದರೂ ಇಲ್ಲಿಗೆ ಬೇಕಾದಷ್ಟು ಬೆಳಕು ಅದರಲ್ಲಿದೆ. ಚಿತ್ರದ ಕುದುರೆಯನ್ನು ಕುದುರೆಯೆನ್ನುವುದು ಸುಳ್ಳಲ್ಲ, ಗೋಡೆಯು ಕಾಣುತ್ತಿರುವ ತನಕ. ಗೋಡೆಯನ್ನು ಮರೆಸಿ ಸಂತೆಯಲ್ಲಿ ಆ ಕುದುರೆಗೆ ಹಣ ಕೇಳಿದರೆ ಅದು ವಂಚನೆ.

ಗೋಡೆಯನ್ನು ಕಾಣಿಸುವುದರಲ್ಲಿಯೇ ಸೊಗಸನ್ನು ಕಂಡವನು ಫ್ರೆಂಚ್ ನಿರ್ದೇಶಕ ಮಿಶೆಲ್ ಗಾಂಡ್ರಿ. ವೈಟ್ ಸ್ಟ್ರೈಪ್ಸರ 'ಫೆಲ್ ಇನ್ ಲವ್ ವಿತ್ ಎ ಗರ್ಲ್' ಎಂಬ ಹಾಡು ಎರಡು ನಿಮಿಷವೂ ಇಲ್ಲ. ಅದಕ್ಕೆ 2002ರಲ್ಲಿ ಅವನು ಮಾಡಿದ ವಿಡಿಯೋದಲ್ಲಿ ಹಾಡುವವರು, ಡ್ರಮ್ಮುಗಳು, ಬೀದಿ, ನೀರು ಎಲ್ಲವೂ 'ಲೆಗೋ' ಎಂಬ ಮಕ್ಕಳಾಟದ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಿದವು. ಒಂದು ಭಂಗಿಯನ್ನು ಕಟ್ಟಿ, ಚಿತ್ರ ತೆಗೆದು, ಕೆಡವಿ, ಕೂದಲೆಳೆಯಷ್ಟು ಮುಂದಿನ ಭಂಗಿಯನ್ನು ಮತ್ತೆ ಕಟ್ಟಬೇಕು. ಒಂದು ಕ್ಷಣ ತಲೆಯಾಡಿಸುವುದಕ್ಕೆ ಎಷ್ಟೋ ಸಲ ಕಟ್ಟಿ ಕೆಡವಬೇಕು. ಚಿತ್ರದ ಆರಂಭದಲ್ಲಿ ನಿರ್ದೇಶಕನ ಪುಟ್ಟ ಮಗನು ಇಟ್ಟಿಗೆಗಳನ್ನು ಜೋಡಿಸುತ್ತಿರುವುದು ಕಾಣುತ್ತದೆ. ಇದಕ್ಕಿಂತ ಸ್ಪಷ್ಟವಾಗಿ ಗೋಡೆಯನ್ನು ತೋರಿಸುವುದು ಹೇಗೆ? ನೋಡುವವನಿಗೆ ಮನುಷ್ಯರು ಕಾಣುತ್ತಾರೆ, ಅದೇ ಕ್ಷಣದಲ್ಲಿ ಇಟ್ಟಿಗೆಗಳೂ ಕಾಣುತ್ತವೆ, ಇವೆರಡರ ನಡುವೆ ಅದನ್ನು ಜೋಡಿಸಿದ ಕೈಯೂ ಕಾಣುತ್ತದೆ. ಮೂರು ಸ್ವರಗುಚ್ಛಗಳ ಹಾಡಿಗೆ ಮಕ್ಕಳ ಇಟ್ಟಿಗೆಗಳ ಚಿತ್ರವು ಎಷ್ಟು ಸಮರ್ಪಕವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ವರ್ಷದ ಎಂಟೀವಿ ಬಹುಮಾನಗಳಲ್ಲಿ ಮೂರು ಅದಕ್ಕೆ ಸಂದವು. ಅವುಗಳಲ್ಲಿ ಒಂದು ವಿಶೇಷ ತಂತ್ರಗಳಿಗಾಗಿ ಎಂಬುದು ಸ್ವಾರಸ್ಯ.

ಮುಂದಿನ ವರ್ಷ ಅದೇ ನಿರ್ದೇಶಕನು 'ದಿ ಹಾರ್ಡೆಸ್ಟ್ ಬಟನ್ ಟು ಬಟನ್' ಎಂಬ ಹಾಡಿಗೆ ತೆಗೆದ ಚಿತ್ರದಲ್ಲಿ ಪ್ರತಿ ಹೊಡೆತಕ್ಕೂ ಒಂದು ಹೊಸ ಡ್ರಮ್ಮು ನ್ಯೂಯಾರ್ಕಿನ ಬೀದಿಯಲ್ಲಿ ಮೂಡುತ್ತ, ಸಾಲಾಗಿ ಮುಂದೆ ಮುಂದೆ ಸಾಗುತ್ತದೆ. ಗಣಕಯಂತ್ರದಲ್ಲಿ ಒಂದೇ ಡ್ರಮ್ಮನ್ನು ನೂರು ಮಾಡಬಹುದಾಗಿತ್ತು. ಅವನು ಒಂದೇ ಬಗೆಯ 32 ಡ್ರಮ್ ಜೋಡಿಗಳನ್ನು ತರಿಸಿ, ಬೀದಿಯಲ್ಲಿ ಇರಿಸಿ, ಮೆಗ್ ವೈಟಳನ್ನು ಒಂದೊಂದರ ಹಿಂದೆಯೂ ಕೂರಿಸಿ ಒಂದೊಂದು ಹೊಡೆತವನ್ನು ಹೊಡೆಯಿಸಿದನು. ಇದು ಅಗ್ಗದ ಕೆಲಸವಲ್ಲ, ಬಡವರ ಕೆಲಸವಂತೂ ಅಲ್ಲ. ಆದರೂ ಕಣ್ಣಿಗೆ ಕಂಡದ್ದೆಲ್ಲ ಆ ಬೀದಿಯಲ್ಲಿ ಆ ಹೊತ್ತು ಇದ್ದಿತು. ಒರಟುತನದ ವೇಷವು ಬಡತನದಿಂದ ಬಂದುದಲ್ಲದಿದ್ದರೂ ದುಡಿಮೆಯಿಂದ ಬಂದುದಾದರೆ ಅದಕ್ಕೆ ಒಂದು ಮರ್ಯಾದೆಯುಂಟು.

ಈಚಿನ ದಿನಗಳಲ್ಲಿ ಇನ್ನೊಂದು ಬಗೆಯ ಒರಟುತನವು ಬೇಕಾದವರಿಗೆ ಬೇಕಾದಷ್ಟು ಸಿಕ್ಕುತ್ತದೆ. ಇಂದು ಬೆಳಗ್ಗೆ ಮುದ್ರಿಸಿದ ಹಾಡಿಗೆ ಧೂಳು ಕೂತ ಹಳೆಯ ತಟ್ಟೆಯ ಚಿಟಿಚಿಟಿ ಸದ್ದನ್ನು ಬೆರೆಸುವ ಗಣಕಸಾಧನಗಳಿವೆ. ನಿನ್ನೆ ತೆಗೆದ ವಿಡಿಯೋವಿಗೆ ಫಿಲ್ಮಿನ ಗೀರು, ಬಣ್ಣಗೇಡು, ಕ್ಯಾಮೆರಾದ ನಡುಕ ಇವನ್ನು ಬೆರಳ ತುದಿಯಿಂದ ಲೇಪಿಸಬಹುದು. ಇವುಗಳನ್ನು ಬಳಸಿದವರೆಲ್ಲರೂ ವಂಚಕರೆಂದು ಹೇಳುವುದು ಅತಿಯಾದೀತು. ಹಳೆಯ ಕಾಲದ ಕಥೆಗೆ ಹಳೆಯ ಬಣ್ಣ ಹಚ್ಚುವುದು ವೇಷಭೂಷಣದಷ್ಟೇ ನಿರ್ದೋಷವಾದುದು. ಆದರೆ ಗೀರಿಗೆ ಅರ್ಥ ಬಂದದ್ದು ಅದು ಸವೆತದ ಗುರುತಾಗಿದ್ದುದರಿಂದ. ಎಷ್ಟೋ ಸಲ ಕೇಳಿದ್ದರಿಂದ, ಎಷ್ಟೋ ಕೈ ದಾಟಿದ್ದರಿಂದ ತಟ್ಟೆಯು ಗೀರಿತು. ಯಾರೂ ಇನ್ನೂ ಕೇಳದ ಹಾಡಿಗೆ ಬಹಳ ಜನ ಕೇಳಿದ ಗುರುತನ್ನು ಅಂಟಿಸಿ, ಅಂಟಿಸಿದ್ದು ತಿಳಿಯದಂತೆ ಮಾಡಿದರೆ, ಅದು ಉಪ್ಪಿಟ್ಟು ತಿಂದು ಬಾಯಿ ಒರಸಿಕೊಂಡವನ ಕೆಲಸ.

ವೈಟ್ ಸ್ಟ್ರೈಪ್ಸರ ವಿಷಯದಲ್ಲಿ ಇಷ್ಟು ಸಲೀಸಾಗಿ ಒಪ್ಪಲಾಗದ ಸಂಗತಿಯೊಂದು ಉಳಿದಿದೆ. ಜ್ಯಾಕ್ ಮತ್ತು ಮೆಗ್ ತಾವು ಅಣ್ಣತಂಗಿಯರೆಂದು ಲೋಕಕ್ಕೆ ಹೇಳಿಕೊಳ್ಳುತ್ತಿದ್ದರು. 1996ರಲ್ಲಿ ಅವರಿಬ್ಬರೂ ಮದುವೆಯಾಗಿದ್ದರೆಂದೂ 2000ದಲ್ಲಿ ವಿಚ್ಛೇದನ ಪಡೆದಿದ್ದರೆಂದೂ, ವೈಟ್ ಎಂಬುದು ಮೂಲತಃ ಹೆಂಡತಿಯ ಮನೆತನದ ಹೆಸರೆಂದೂ ದಾಖಲೆಗಳಿಂದ 2001ರ ಹೊತ್ತಿಗೆ ಪತ್ರಿಕೆಗಳಿಗೆ ಗೊತ್ತಾಯಿತು. ಗಂಡಹೆಂಡಿರೆಂದು ತಿಳಿದರೆ ಜನರು ಸಂಗೀತವನ್ನು ಬಿಟ್ಟು ಸಂಸಾರದ ವಿಷಯವನ್ನೇ ಕೆದಕುತ್ತಾರೆ, ಅಣ್ಣತಂಗಿಯರೆಂದರೆ ಸಂಗೀತದ ಕಡೆಗೆ ಲಕ್ಷ್ಯ ಕೊಡುತ್ತಾರೆ ಎಂಬರ್ಥದ ಸಮಾಧಾನವನ್ನು ಜ್ಯಾಕ್ ವೈಟನು ಆಮೇಲೆ ಕೊಟ್ಟನು. ಕಾರಣವೇನೋ ತೂಕವುಳ್ಳದ್ದೇ. ಒಡೆದ ದಾಂಪತ್ಯದ ಮೇಲೆ ಪರರ ಕಣ್ಣು ಬೀಳದಿರಲೆಂದು ಬಯಸುವುದು ಮನುಷ್ಯಸಹಜ. ಆದರೆ ಅದಕ್ಕೆ ಮೌನವು ಸಾಕಾಗಿತ್ತು. 'ನಮ್ಮ ಮನೆಯ ವಿಷಯ ನಿಮಗೆ ಬೇಡ' ಎನ್ನುವ ಹಕ್ಕು ಎಲ್ಲರಿಗೂ ಇದೆ. ಇಲ್ಲದ ಮನೆಯೊಂದನ್ನು ಕಟ್ಟಿ ತೋರಿಸುವ ಹಕ್ಕು ಆ ಹಕ್ಕಿನಿಂದ ಹುಟ್ಟುವುದಿಲ್ಲ. ಕೆಂಪು ಬಿಳಿ ಉಡುಪು ರಂಗದ ಮೇಲಿನದು, ಗೋಡೆಯು ಕಾಣುತ್ತದೆ. ಪತ್ರಿಕೆಯವರೊಡನೆ ಕುಳಿತು ಹೇಳಿದ ಮಾತಿಗೆ ಗೋಡೆಯಿಲ್ಲ. ಅವರ ಸಂಗೀತದ ಪ್ರಾಮಾಣಿಕತೆಗೆ ಇದರಿಂದ ಕುಂದು ಬಾರದಿರಬಹುದು, ಬರುವುದಿಲ್ಲವೆಂದೇ ತೋರುತ್ತದೆ. ಆದರೆ ಮಾಯೆಯನ್ನು ರಂಗದಿಂದ ಇಳಿಸಿ ಬೀದಿಗೆ ತಂದವರಿಗೆ, ಅದನ್ನು ಸುಳ್ಳೆಂದು ಕರೆದವರ ಮೇಲೆ ಮುನಿಯುವ ಅಧಿಕಾರವಿಲ್ಲ.

ಇದುವರೆಗೆ ಹಾಡುವವನನ್ನೇ ವಿಚಾರಣೆಗೆ ನಿಲ್ಲಿಸಿದ್ದಾಯಿತು. ಕೇಳುವವನನ್ನು ಯಾರೂ ವಿಚಾರಿಸುವುದಿಲ್ಲ. ಗರಾಜ್ ರಾಕಿನ ಅಂಚಿನಲ್ಲಿ ಸೇರಿಸತಕ್ಕ 'ಷ್ಯಾಗ್ಸ್' ಎಂಬ ಗೋಷ್ಠಿಯ ಕಥೆಯು ಅವನನ್ನೂ ಕಟಕಟೆಗೆ ಕರೆಯುತ್ತದೆ. ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಫ್ರೀಮಂಟ್ ಎಂಬ ಸಣ್ಣ ಊರಿನಲ್ಲಿ ಆಸ್ಟಿನ್ ವಿಗಿನ್ ಎಂಬವನಿದ್ದನು. ಅವನ ತಾಯಿ ಕೈರೇಖೆಯನ್ನು ನೋಡಿ, ಅವನ ಹೆಣ್ಣುಮಕ್ಕಳು ಹೆಸರಾಂತ ಗೋಷ್ಠಿಯಾಗುವರೆಂದು ಭವಿಷ್ಯ ಹೇಳಿದ್ದಳು. ಅವಳ ಬೇರೆ ಎರಡು ಮಾತುಗಳು ನಿಜವಾದುದನ್ನು ಕಂಡು ಅವನು ಇದನ್ನೂ ನಿಜಮಾಡಲು ಹೊರಟನು. ಡಾಟ್, ಬೆಟ್ಟಿ, ಹೆಲೆನ್ ಎಂಬ ಮಕ್ಕಳನ್ನು ಶಾಲೆಯಿಂದ ಬಿಡಿಸಿ, ವಾದ್ಯಗಳನ್ನು ಕೊಡಿಸಿ, ಹಗಲೂ ಸಂಜೆಯೂ ಅಭ್ಯಾಸಕ್ಕೆ ಕೂರಿಸಿದನು. ಮಕ್ಕಳ ಇಷ್ಟವನ್ನು ಕೇಳಿದವರಿಲ್ಲ. 1969ರಲ್ಲಿ ಅವರ 'ಫಿಲಾಸಫಿ ಆಫ್ ದಿ ವರ್ಲ್ಡ್' ಎಂಬ ಸಂಪುಟವು ಮುದ್ರಿತವಾಯಿತು. ಅದರಲ್ಲಿ ಕಳೆದುಹೋದ ಬೆಕ್ಕಿನ ಹಾಡಿದೆ, ತಂದೆತಾಯಿಗಳೆಂದರೆ ಯಾರು ಎಂಬ ಹಾಡಿದೆ. ಗಿಟಾರುಗಳು ಶ್ರುತಿಗೆ ಕೂಡಿಲ್ಲ. ಡ್ರಮ್ಮಿನ ತಾಳಕ್ಕೂ ಹಾಡಿನ ನಡೆಗೂ ಸಂಬಂಧವಿದ್ದಂತೆ ತೋರುವುದಿಲ್ಲ. ಕಂಠಗಳು ಮಾತ್ರ ಆ ಎಲ್ಲ ಅವ್ಯವಸ್ಥೆಯ ನಡುವೆ ಅತ್ಯಂತ ನಿಷ್ಠೆಯಿಂದ ಸಾಗುತ್ತವೆ. 1975ರಲ್ಲಿ ತಂದೆ ಸತ್ತನು; ಅಕ್ಕತಂಗಿಯರು ಅಂದೇ ನುಡಿಸುವುದನ್ನು ನಿಲ್ಲಿಸಿದರು.

1980ರಲ್ಲಿ ಆ ಸಂಪುಟವು ಮರುಮುದ್ರಣವಾಗಿ ಸಂಗೀತಗಾರರ ಕೈಗೆ ಬಂದಾಗ ಅದಕ್ಕೆ ಭಕ್ತರು ಹುಟ್ಟಿಕೊಂಡರು. ಇಷ್ಟು ನಿರ್ಮಲವಾದ, ಇಷ್ಟು ನಿಷ್ಕಪಟವಾದ ಸಂಗೀತವಿಲ್ಲವೆಂದರು. ಒಂದರ್ಥದಲ್ಲಿ ಅವರ ಮಾತು ಸರಿ. ಇಲ್ಲಿ ವ್ರತವಿಲ್ಲ, ದಂಭವಿಲ್ಲ, ಗುಂಡಿಯಿಲ್ಲ. ಆದರೆ ಆ ಹೊಗಳಿಕೆಯಲ್ಲಿ ಎಷ್ಟು ಪಾಲು ಆನಂದ, ಎಷ್ಟು ಪಾಲು ಅಡಗಿಸಿಕೊಂಡ ನಗೆ? ಚೆನ್ನಾಗಿ ನುಡಿಸಬೇಕೆಂದು ಆ ಹೆಣ್ಣುಮಕ್ಕಳು ಪ್ರಯತ್ನಪಟ್ಟರು. ಆಗದೆ ಹೋದುದನ್ನೇ ಸಾಧನೆಯೆಂದು ಹೊಗಳಿದರೆ ಅದು ಅವರಿಗೆ ಸಂದ ಗೌರವವೋ, ಅವರ ಸೋಲಿಗೆ ಸಂದ ಗೌರವವೋ? ಅವರ ಹಾಡಿನಲ್ಲಿ ನಿಜವಾಗಿಯೂ ಸೊಬಗು ಕಂಡವನಿಗೆ ಈ ಪ್ರಶ್ನೆಯು ತೊಂದರೆ ಕೊಡಲಾರದು, ಅವನು ಅದನ್ನು ಅವರ ಮುಖದೆದುರಿಗೆ ಹೇಳಬಲ್ಲನು. ಮುಖದೆದುರಿಗೆ ಹೇಳಲಾರದ ಹೊಗಳಿಕೆಯನ್ನು ಬೆನ್ನ ಹಿಂದೆ ಆಡುವವನು, ತಾನು ಮೆಚ್ಚಿದೆನೆನ್ನುವ ಪ್ರಾಮಾಣಿಕತೆಯಲ್ಲಿ ತನ್ನ ಪಾಲನ್ನು ಮಾತ್ರ ಸಲ್ಲಿಸಿಲ್ಲ.

2006ರಲ್ಲಿ ಹೆಲೆನ್ ತೀರಿಕೊಂಡಳು. 2017ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ನಾರ್ತ್ ಆಡಮ್ಸ್ ಪಟ್ಟಣದ ಸಂಗೀತೋತ್ಸವವೊಂದರಲ್ಲಿ ಡಾಟ್ ಮತ್ತು ಬೆಟ್ಟಿ ಇಬ್ಬರೂ ವೃದ್ಧಾಪ್ಯದಲ್ಲಿ ಮತ್ತೆ ಸಭೆಯೆದುರು ನಿಂತು ಹಾಡಿದರು. ಪಕ್ಕವಾದ್ಯಕ್ಕೆ ಕುಳಿತವರು ಶಿಕ್ಷಣ ಪಡೆದ ಸಂಗೀತಗಾರರು. ಅವರು ಹಳೆಯ ಮುದ್ರಿಕೆಯಲ್ಲಿ ತಾಳವು ಎಲ್ಲೆಲ್ಲಿ ಹೇಗೆ ಹೇಗೆ ಜಾರಿತ್ತೋ ಅದನ್ನೆಲ್ಲ ಕಿವಿಗೊಟ್ಟು ಕೇಳಿ, ಅಭ್ಯಾಸಮಾಡಿ ಬಂದಿದ್ದರು. ಸಭಿಕರು ಚಪ್ಪಾಳೆ ತಟ್ಟಿದರು. ಯಾರು ಯಾವುದಕ್ಕೆ ತಟ್ಟಿದರೆಂಬುದನ್ನು ಅವರವರೇ ಹೇಳಬೇಕು.